ನಾಯಕರ ಬೋರ್ಡಿಂಗಿನಾಗ ಅಪ್ಪಾರ ಹುಟ್ಟಿದ ದಿನ

ಮೊನ್ನೆ ಜೂನ್ 1ಕ್ಕ ನಮ್ಮ ಅಪ್ಪಾರಿಗೆ 79 ತುಂಬಿತು. ಖರೇ ಹುಟ್ಟಿದ ದಿನ ಯಾವುದಂತ ಯಾರಿಗೂ ಗೊತ್ತಿಲ್ಲ. ಸಾಲಿಗೆ ಹಚ್ಚುವಾಗ ಮಾಸ್ತರು ಬರಕೊಂಡ ತಾರೀಖು ಅದು. ನಿಮ್ಮ ಮನಿ ಹಿರಿಯಾರೂ ಜೂನ್ 1ಕ್ಕೇ ಹುಟ್ಟಿರಬೇಕು, ನೋಡ್ರಿ!

ಜನವರಿಯೊಳಗ ಅಪ್ಪಾರಿಗೆ ಲಕ್ವಾ ಹೊಡದು ಬಲಗೈ ಬಿದ್ದಿತ್ತು. ಧಾರವಾಡದಿಂದ ನಮ್ಮ ಮುಂಬೈ ಮನಿಗೆ ಕರಕೊಂಡು ಬಂದೆ. ದಿನಾ ವ್ಯಾಯಾಮ ಮಾಡಿಸಿ ಬೆರಳು ಆಡಲಿಕ್ಕೆ ಹತ್ತಿದ್ವು, ಆದ್ರ ಊಟ ಮಾತ್ರ ನಾನೇ ಚಮಚಾದಿಂದ ಮಾಡಿಸಬೇಕಿತ್ತು. ಎರಡು ತುತ್ತಿಗೇ "ಸಾಕವಾ" ಅಂತ ಮಾರಿ ತಿರುವುತ್ತಿದ್ರು. ಹಸಿವಿಲ್ಲಂತ ಅಲ್ಲ, ಮಗಳ ಕೈಲೆ ಉಣ್ಣೂದು ಅವರಿಗೆ ಸಂಕೋಚ. ಹುಟ್ಟಿದ ದಿನಕ್ಕ ಏನ್ ಮಾಡ್ಲಿ ಅಂತ ಕೇಳಿದ್ರ, "ಮಾಟುಂಗಾದ ನಾಯಕರ ಬೋರ್ಡಿಂಗಿಗೆ ಕರಕೊಂಡು ಹೋಗು" ಅಂದ್ರು.

ಈ ಮಾಟುಂಗಾ ನಮ್ಮವರ ಊರು ಹೆಂಗಾತು ಅಂತ ಹೇಳ್ತೀನಿ. 1896ರಾಗ ಮುಂಬೈಗೆ ಪ್ಲೇಗು ಬಂತು. ಇಕ್ಕಟ್ಟಿನ ಓಣಿಯಾಗ ಮಂದಿ ಸಾಯೂದು ನೋಡಿ, ಸರಕಾರ 1898ರಾಗ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿತು. ಆಮ್ಯಾಲೆ ಆ ಟ್ರಸ್ಟಿನವರು ದಾದರ್, ಮಾಟುಂಗಾ ಕಡೆ ಅಗಲ ರಸ್ತಾ ಹಾಕಿ ಪ್ಲಾಟು ಮಾಡಿದ್ರು. 1915ರಾಗ ಮಾಟುಂಗಾದ ರೈಲ್ವೆ ವರ್ಕ್‌ಶಾಪ್ ಶುರುವಾತು. ಕಾರಕೂನಿಕಿಗೆ, ಟೈಪಿಂಗಿಗೆ ಅಂತ ದಕ್ಷಿಣದಿಂದ ಬಂದ ಹುಡುಗರು ಈ ಕಡೆನೇ ಖೋಲಿ ಹಿಡದ್ರು. 1926ರಾಗ ಹುಟ್ಟಿದ ಮೈಸೂರ್ ಅಸೋಸಿಯೇಷನ್ ಇವತ್ತಿಗೂ ಇಲ್ಲೇ ಅದ.

ಖೋಲಿ ಸಿಕ್ತು, ಖರೆ. ಅಡಿಗಿ ಮಾಡವರು ಯಾರು? ನಮ್ಮ ಅಜ್ಜಿ ಕಾಲದಾಗ ಹೋಟೆಲ್ಲಿನ ಅನ್ನ ಅಂದ್ರ ಮೈಲಿಗಿ. ಪರ ಊರಿಗೆ ಹೊಂಟವರಿಗೆ ಬುತ್ತಿ ಕಟ್ಟಿ ಕೊಡ್ತಿದ್ರು. ಆದ್ರ ಬುತ್ತಿ ಎಷ್ಟು ದಿನ ಬಂದೀತು?

ಇಂಥಾ ಹುಡುಗರಿಗೆ ಅನ್ನ ಹಾಕಿದವರು ಎ. ರಾಮ ನಾಯಕರು. ಕರಾವಳಿ ಕಡೆಯಿಂದ ಸಣ್ಣವರಿದ್ದಾಗೇ ಮುಂಬೈಗೆ ಬಂದು, ಪಾತ್ರಿ ತೊಳೆಯೂದರಿಂದ ಶುರು ಮಾಡಿದವರು. 1936ರಾಗ ಕೆಫೆ ಮೈಸೂರ್, 1942ರಾಗ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತಗದ್ರು. ಆಗ ಯುದ್ಧದ ಕಾಲ. ಮರುವರ್ಷನೇ ಮುಂಬೈಯೊಳಗ ಅಕ್ಕಿ-ಗೋಧಿಗೆ ರೇಶನ್ ಬಂತು. ಅಂಥಾದ್ರಾಗೂ ಬೋರ್ಡಿಂಗ್ ನಿಂತಿತು.

ಅಪ್ಪಾರು 1968ರಾಗ ವರ್ಕ್‌ಶಾಪಿಗೆ ಸೇರಿದವರು, ಲಗ್ನ ಆಗೂತನಕ ಐದು ವರ್ಷ ಅಲ್ಲೇ ಉಂಡಾರ. ನಮಗ ಹೋಟೆಲ್ ಅಂದ್ರ ಮೋಜು. ಅವರಿಗೆ ಅದು ಅವ್ವನ ಅಡಿಗಿ ಮನಿ ಬಿಟ್ಟು ಬಂದ ಮ್ಯಾಲಿನ ಎರಡನೇ ಮನಿ.

ಬೋರ್ಡಿಂಗ್ ಮಾಟುಂಗಾ ಸ್ಟೇಶನ್ನಿನ ಹತ್ರ, ಮೊದಲನೇ ಮಾಳಿಗಿ ಮ್ಯಾಲ ಅದ. ಅಪ್ಪಾರು ಎಡಗೈಲೆ ಕಟಾಂಜನ ಹಿಡಕೊಂಡು, ನಡು ನಡುವ ನಿಂತು ಹತ್ತಿದ್ರು. ನನ್ನ ಮಗ ಹಿಂದಿದ್ದ. ನನ್ನ ಎದಿ ಡವಗುಟ್ಟತಿತ್ತು.

ಬಾಳಿ ಎಲಿ ಹಾಸಿದ್ರು. ಪಲ್ಯಾ, ಚಪಾತಿ, ಅನ್ನ, ಸಾರು ಬಂತು. ನಾನು ರೂಢಿಲೆ ಚೀಲದಿಂದ ಚಮಚಾ ತಗದೆ. ಅಪ್ಪಾರು, "ಬಾಳಿ ಎಲಿಗೆ ಚಮಚಾ ಏನವಾ? ಒಳಗ ಇಡು" ಅಂದ್ರು. ನಡುಗೂ ಬಲಗೈಲೆ ಸಾರನ್ನ ಕಲಸಿದ್ರು. ಮೊದಲನೇ ತುತ್ತು ಎಲಿ ಮ್ಯಾಲೇ ಬಿತ್ತು. ಎರಡನೇದು ಅಂಗಿ ಮ್ಯಾಲ. ಮೂರನೇದು ಬಾಯಿಗೆ ಹೋತು. ನಾನು ಹಪ್ಪಳ ಮುರಿಯೂ ನೆವ ಮಾಡಿ ಮಾರಿ ಕೆಳಗ ಹಾಕಿದೆ, ಕಣ್ಣಾಗ ನೀರು ಬಂದಿದ್ವು.

ಬಡಸವರು ಮತ್ತ ಬಂದಾಗ, "ಹಾಕ್ರಿ, ಹಾಕ್ರಿ" ಅಂತ ಎರಡು ಸಲ ಅನ್ನ ಹಾಕಿಸಿಕೊಂಡ್ರು. ನಾಲ್ಕು ತಿಂಗಳ ಮ್ಯಾಲ ಅವರ ಬಾಯಿಂದ ಆ ಮಾತು ಕೇಳಿದೆ! ಉಂಡಾದ ಮ್ಯಾಲ ಎಲಿ ಮಡಚಿದ್ದೂ ಅದೇ ಬಲಗೈಲೆ.

ರಾತ್ರಿ ಮನಿಯಾಗ ಊಟಕ್ಕ ಬಡಿಸಿ ಸುಮ್ಮನ ದೂರ ಕೂತೆ. ಅವರೇ ಉಂಡ್ರು. ಚೆಲ್ಲಿದ್ದನ್ನ ಆಮ್ಯಾಲೆ ಒರಿಸಿದ್ರಾತು.

ನಿಮ್ಮ ಮನಿಯಾಗ ಯಾರಾದ್ರೂ ಜಡ್ಡಿನಿಂದ ಎದ್ದವರು ಉಣ್ಣವಲ್ರು ಅಂದ್ರ, ಹರೇದಾಗ ಎಲ್ಲಿ ಉಣ್ತಿದ್ರಿ ಅಂತ ಕೇಳಿ ನೋಡ್ರಿ.