ಸಂತ ಫ್ರಾನ್ಸಿಸ್ ಚರ್ಚ್, ಫೋರ್ಟ್ ಕೊಚ್ಚಿ

ಕೊಚ್ಚಿಯ ರಾಜನ ಅನುಮತಿ ಪಡೆದ ಪೋರ್ಚುಗೀಸರು 1503ರಲ್ಲಿ ಕೋಟೆಯೊಂದಿಗೆ ಇಲ್ಲಿ ಮರದ ಚರ್ಚೊಂದನ್ನು ಕಟ್ಟಿದರು. ಫ್ರಾನ್ಸಿಸ್ಕನ್ ಪಾದ್ರಿಗಳು ಅದರ ಜಾಗದಲ್ಲಿ ಎಬ್ಬಿಸಿದ ಗಾರೆಯ ಕಟ್ಟಡ 1516ರಲ್ಲಿ ಪೂರ್ಣಗೊಂಡಿತು. ಆಗ ಇದು ಸಂತ ಅಂತೋಣಿಯ ಹೆಸರಿನಲ್ಲಿತ್ತು. ಈಗಿನ ಹೆಸರು ಬಂದದ್ದು ಬ್ರಿಟಿಷರ ಕಾಲದಲ್ಲಿ.

1663ರಲ್ಲಿ ಕೊಚ್ಚಿ ಡಚ್ಚರ ಕೈಸೇರಿತು. ಪಟ್ಟಣದ ಕ್ಯಾಥೊಲಿಕ್ ಚರ್ಚುಗಳು ಬಹುಪಾಲು ನೆಲಕಚ್ಚಿದರೂ ಇದು ಉಳಿಯಿತು. ಡಚ್ಚರಿಗೂ ಪ್ರಾರ್ಥನೆಗೊಂದು ಸೂರು ಬೇಕಿತ್ತಲ್ಲ! ಅವರು 1779ರಲ್ಲಿ ಇದನ್ನು ದುರಸ್ತಿ ಮಾಡಿಸಿದರು. 1804ರಲ್ಲಿ ಚರ್ಚು ಆಂಗ್ಲಿಕನ್ನರಿಗೆ ಹೋಯಿತು. ಇಂದು ದಕ್ಷಿಣ ಭಾರತ ಸಭೆಯ ಆರಾಧನೆ ಇಲ್ಲಿ ನಡೆಯುತ್ತದೆ.

ಹೊರಗಿನಿಂದ ಕಾಣುವುದು ಸರಳ ತ್ರಿಕೋನ ಮುಖಭಿತ್ತಿ, ಕಮಾನಿನ ಬಾಗಿಲು, ಹೆಂಚಿನ ಇಳಿಮಾಡು. ಅಲಂಕಾರ ಕಡಿಮೆ, ಗೋಡೆ ದಪ್ಪ. ಒಳಗೆ ತಲೆಯೆತ್ತಿ ನೋಡಿ: ಪೀಠಗಳ ಮೇಲೆ ಉದ್ದಕ್ಕೂ ತೂಗುವ ಬಟ್ಟೆಯ ಪಂಖಾಗಳು. ಇವಕ್ಕೆ ಕಟ್ಟಿದ ಹಗ್ಗವನ್ನು ಆಳುಗಳು ಹೊರಗೆ ನಿಂತು ಎಳೆಯುತ್ತಿದ್ದರು. ಒಳಗಿನವರಿಗೆ ಗಾಳಿ, ಹೊರಗಿನವರಿಗೆ ಬೆವರು.

1524ರ ಡಿಸೆಂಬರ್‌ನಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಇಲ್ಲೇ ಮಣ್ಣು ಮಾಡಲಾಯಿತು. ಸುಮಾರು 14 ವರ್ಷಗಳ ಬಳಿಕ ಅವಶೇಷಗಳನ್ನು ಪೋರ್ಚುಗಲ್‌ಗೆ ಒಯ್ದರು. ನೋಡುಗರೆಲ್ಲ ಮುತ್ತುವುದು ಈ ಬರಿದಾದ ಸಮಾಧಿಯನ್ನೇ. ಅದಕ್ಕಿಂತ ಸ್ವಾರಸ್ಯದವು ಗೋಡೆಗೆ ಒರಗಿಸಿದ ಸಮಾಧಿಗಲ್ಲುಗಳು: ಉತ್ತರದಲ್ಲಿ ಪೋರ್ಚುಗೀಸರವು, ದಕ್ಷಿಣದಲ್ಲಿ ಡಚ್ಚರವು. ಹಿಂದೆ ನೆಲದಲ್ಲಿದ್ದ ಇವನ್ನು 1886ರಲ್ಲಿ ಎತ್ತಿ ನಿಲ್ಲಿಸಲಾಯಿತು. ಚರ್ಚಿಗೆ ಸೇರಿದ ಡಚ್ ದಾಖಲೆ ಪುಸ್ತಕದಲ್ಲಿ 1751ರಿಂದ 1804ರವರೆಗಿನ ದೀಕ್ಷಾಸ್ನಾನ, ಮದುವೆಗಳ ವಿವರಗಳಿವೆ.

1923ರಿಂದ ಇದು ಸಂರಕ್ಷಿತ ಸ್ಮಾರಕ.