ಟ್ರೂ ಗ್ರಿಟ್ (1969ರ ಚಲನಚಿತ್ರ)

ಟ್ರೂ ಗ್ರಿಟ್ 1969ರಲ್ಲಿ ಬಿಡುಗಡೆಯಾದ ಅಮೆರಿಕದ ವೆಸ್ಟರ್ನ್ ಚಲನಚಿತ್ರ. ಶೀರ್ಷಿಕೆಗೆ 'ನಿಜವಾದ ಕೆಚ್ಚು' ಎಂಬ ಅರ್ಥವಿದೆ. ಚಾರ್ಲ್ಸ್ ಪೋರ್ಟಿಸ್ 1968ರಲ್ಲಿ ಪ್ರಕಟಿಸಿದ ಇದೇ ಹೆಸರಿನ ಕಾದಂಬರಿಯನ್ನು ಇದು ಆಧರಿಸಿದೆ. ಹೆನ್ರಿ ಹ್ಯಾಥವೇ ನಿರ್ದೇಶಿಸಿದ ಈ ಚಿತ್ರವನ್ನು ಹಾಲ್ ಬಿ. ವಾಲಿಸ್ ನಿರ್ಮಿಸಿದರು. ಇದರಲ್ಲಿನ ಅಭಿನಯಕ್ಕಾಗಿ ಜಾನ್ ವೇಯ್ನ್ ಅತ್ಯುತ್ತಮ ನಟ ಆಸ್ಕರ್ ಪ್ರಶಸ್ತಿ ಪಡೆದರು.

ಕಥಾಸಾರಾಂಶ

ಅರ್ಕಾನ್ಸಾಸ್‌ನ ರೈತ ಫ್ರ್ಯಾಂಕ್ ರಾಸ್‌ನನ್ನು ಅವನ ಆಳು ಟಾಮ್ ಚೇನಿ ಫೋರ್ಟ್ ಸ್ಮಿತ್ ಪಟ್ಟಣದಲ್ಲಿ ಕೊಂದು, ಇಂದಿನ ಓಕ್ಲಹೋಮಾಕ್ಕೆ ಸೇರಿದ ಇಂಡಿಯನ್ ಪ್ರಾಂತ್ಯಕ್ಕೆ ಪರಾರಿಯಾಗುತ್ತಾನೆ. ಲೆಕ್ಕಾಚಾರದಲ್ಲಿ ಚುರುಕಾದ, ಹಟಮಾರಿ ಮಗಳು ಮ್ಯಾಟಿ ಅವನನ್ನು ಹಿಡಿಯಲು ರೂಸ್ಟರ್ ಕಾಗ್ಬರ್ನ್ ಎಂಬ ಮಾರ್ಷಲ್‌ನನ್ನು ಹಣಕ್ಕೆ ಗೊತ್ತುಮಾಡುತ್ತಾಳೆ. ಆತ ಒಕ್ಕಣ್ಣ, ಕುಡುಕ. ಗುಂಡು ಹಾರಿಸಲು ಹಿಂದೆಮುಂದೆ ನೋಡದವನು. ಬೇರೊಂದು ಕೊಲೆಗಾಗಿ ಚೇನಿಯನ್ನೇ ಹುಡುಕುತ್ತಿರುವ ಟೆಕ್ಸಾಸ್ ರೇಂಜರ್ ಲಾಬೀಫ್ ಕೂಡ ಇವರೊಂದಿಗೆ ಸೇರುತ್ತಾನೆ. ಇಬ್ಬರೂ ಮ್ಯಾಟಿಯನ್ನು ಬಿಟ್ಟುಹೋಗಲು ಯತ್ನಿಸಿದಾಗ ಅವಳು ಕುದುರೆಯೊಂದಿಗೆ ನದಿಯನ್ನು ಈಜಿ ದಾಟಿ ಹಿಂಬಾಲಿಸುತ್ತಾಳೆ. ಕೊನೆಯಲ್ಲಿ ರೂಸ್ಟರ್ ಕಡಿವಾಣವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ನೆಡ್ ಪೆಪ್ಪರ್ ಸೇರಿದಂತೆ ನಾಲ್ವರು ದರೋಡೆಕೋರರ ಮೇಲೆ ಒಬ್ಬನೇ ಎರಗುತ್ತಾನೆ. ಗುಂಡಿಯೊಳಗೆ ಬಿದ್ದು ಹಾವು ಕಚ್ಚಿಸಿಕೊಂಡ ಮ್ಯಾಟಿಯನ್ನು ಉಳಿಸಲು ಅವಳ ಕುದುರೆ ಕುಸಿದು ಸಾಯುವವರೆಗೂ ಓಡಿಸುತ್ತಾನೆ.

ಪಾತ್ರವರ್ಗ

- ಜಾನ್ ವೇಯ್ನ್ – ರೂಸ್ಟರ್ ಕಾಗ್ಬರ್ನ್
- ಕಿಮ್ ಡಾರ್ಬಿ – ಮ್ಯಾಟಿ ರಾಸ್
- ಗ್ಲೆನ್ ಕ್ಯಾಂಪ್‌ಬೆಲ್ – ಲಾಬೀಫ್
- ರಾಬರ್ಟ್ ಡುವಾಲ್ – ನೆಡ್ ಪೆಪ್ಪರ್
- ಜೆಫ್ ಕೋರಿ – ಟಾಮ್ ಚೇನಿ
- ಡೆನಿಸ್ ಹಾಪರ್ – ಮೂನ್

ನಿರ್ಮಾಣ

ಚಿತ್ರಕಥೆಯನ್ನು ಮಾರ್ಗರೀಟ್ ರಾಬರ್ಟ್ಸ್ ಬರೆದರು. ಕಮ್ಯುನಿಸ್ಟ್ ನಂಟಿನ ಬಗೆಗಿನ ಸಂಸದೀಯ ವಿಚಾರಣೆಯಲ್ಲಿ ಇತರರ ಹೆಸರು ಹೇಳಲು ನಿರಾಕರಿಸಿದ್ದರಿಂದ ಅವರು 1950ರ ದಶಕದಲ್ಲಿ ಹಾಲಿವುಡ್‌ನ ಕಪ್ಪುಪಟ್ಟಿಗೆ ಸೇರಿದ್ದರು. ವೇಯ್ನ್ ಕಮ್ಯುನಿಸ್ಟ್ ವಿರೋಧಿ ಸಂಘಟನೆಯೊಂದರ ಅಧ್ಯಕ್ಷರಾಗಿದ್ದವರು. ಆದರೂ ಅವರು ಈ ಚಿತ್ರಕಥೆಯನ್ನು ಬಹುವಾಗಿ ಮೆಚ್ಚಿದರು. ಹೀಗೆ ತೆರೆಯ ಮೇಲಿನಂತೆ ತೆರೆಯ ಹಿಂದೆಯೂ ಅನಿರೀಕ್ಷಿತ ಜೊತೆಗಾರಿಕೆಯೊಂದು ಏರ್ಪಟ್ಟಿತು.

ಕಥೆ ಅರ್ಕಾನ್ಸಾಸ್ ಮತ್ತು ಓಕ್ಲಹೋಮಾಗಳಲ್ಲಿ ನಡೆದರೂ ಚಿತ್ರೀಕರಣ ಬಹುಮಟ್ಟಿಗೆ ಕೊಲರಾಡೋದ ಊರೇ ಕೌಂಟಿಯಲ್ಲಿ ನಡೆಯಿತು. ಆದ್ದರಿಂದಲೇ ಮೂಲ ಪ್ರದೇಶದಲ್ಲಿಲ್ಲದ ಎತ್ತರದ ಹಿಮಶಿಖರಗಳು ತೆರೆಯ ಮೇಲೆ ಕಾಣುತ್ತವೆ. ಲೂಸಿಯನ್ ಬ್ಯಾಲಾರ್ಡ್ ಛಾಯಾಗ್ರಹಣ ಹಾಗೂ ಎಲ್ಮರ್ ಬರ್ನ್‌ಸ್ಟೀನ್ ಸಂಗೀತ ನಿರ್ವಹಿಸಿದರು.

ಕಾದಂಬರಿಯಿಂದ ವ್ಯತ್ಯಾಸಗಳು

ಕಾದಂಬರಿಯಲ್ಲಿ ವೃದ್ಧೆಯಾದ ಮ್ಯಾಟಿ ತನ್ನ 14ನೇ ವಯಸ್ಸಿನ ಅನುಭವವನ್ನು ನೆನೆದು ಹೇಳುತ್ತಾಳೆ. ಚಿತ್ರದಲ್ಲಿ ಈ ನಿರೂಪಣೆಯಿಲ್ಲ. ಹಾವಿನ ಕಡಿತದಿಂದ ಕಾದಂಬರಿಯ ಮ್ಯಾಟಿ ಒಂದು ತೋಳನ್ನು ಕಳೆದುಕೊಳ್ಳುತ್ತಾಳೆ, ಲಾಬೀಫ್ ಬದುಕುಳಿಯುತ್ತಾನೆ. ಚಿತ್ರದಲ್ಲಿ ಅವಳ ತೋಳು ಉಳಿಯುತ್ತದೆ, ಲಾಬೀಫ್ ಸಾಯುತ್ತಾನೆ. ತಂದೆಯ ಸಾವಿಗೆ ನ್ಯಾಯ ಪಡೆಯಲು ಮ್ಯಾಟಿ ಜೀವನಪರ್ಯಂತ ತೆರುವ ಬೆಲೆ ಇದರಿಂದ ಚಿತ್ರದಲ್ಲಿ ಹಗುರವಾಗಿದೆ. ಅದರ ಬದಲಿಗೆ, ತಮ್ಮ ಕುಟುಂಬದ ಸ್ಮಶಾನದಲ್ಲಿ ತನ್ನ ಪಕ್ಕದ ಜಾಗವನ್ನು ಆಕೆ ರೂಸ್ಟರ್‌ಗೆ ನೀಡಲು ಮುಂದಾಗುವ ದೃಶ್ಯದೊಂದಿಗೆ ಚಿತ್ರ ಮುಗಿಯುತ್ತದೆ.

ಪ್ರಶಸ್ತಿ ಮತ್ತು ನಂತರದ ಚಿತ್ರಗಳು

1970ರಲ್ಲಿ ದೊರೆತ ಆಸ್ಕರ್, ವೇಯ್ನ್ ಅವರು ನಟನೆಗಾಗಿ ಪಡೆದ ಏಕೈಕ ಆಸ್ಕರ್ ಆಗಿದೆ. ಶೀರ್ಷಿಕೆ ಗೀತೆಯೂ ನಾಮನಿರ್ದೇಶನಗೊಂಡಿತ್ತು. 1975ರ ರೂಸ್ಟರ್ ಕಾಗ್ಬರ್ನ್ ಚಿತ್ರದಲ್ಲಿ ವೇಯ್ನ್ ಅದೇ ಪಾತ್ರವನ್ನು ಕ್ಯಾಥರೀನ್ ಹೆಪ್‌ಬರ್ನ್ ಜೊತೆಯಲ್ಲಿ ಮತ್ತೆ ನಿರ್ವಹಿಸಿದರು. 2010ರಲ್ಲಿ ಕೋಯೆನ್ ಸಹೋದರರು ಜೆಫ್ ಬ್ರಿಜಸ್ ಮತ್ತು ಹೇಲಿ ಸ್ಟೈನ್‌ಫೆಲ್ಡ್ ಅವರೊಂದಿಗೆ ಕಾದಂಬರಿಯನ್ನು ಪುನಃ ತೆರೆಗೆ ತಂದರು. ಮ್ಯಾಟಿಯ ನಿರೂಪಣೆಯನ್ನೂ ಮೂಲದ ಅಂತ್ಯವನ್ನೂ ಉಳಿಸಿಕೊಂಡ ಆ ಚಿತ್ರ 10 ಆಸ್ಕರ್ ನಾಮನಿರ್ದೇಶನಗಳನ್ನು ಪಡೆಯಿತು.