ಬೆಳ್ಳಿಯನ್ನು ಜೀರ್ಣಿಸಿಕೊಂಡ ಬೂಷ್ಟು

ಪುಣೆಗೆ ಹೊಸದಾಗಿ ಬಂದ ಕನ್ನಡಿಗರಿಗೆ ಪಾಷಾಣ್ ಎಂಬ ಬಡಾವಣೆಯ ಹೆಸರು ಮೊದಮೊದಲು ಇರಿಸುಮುರಿಸು. ಕಲ್ಲು ಎಂಬ ಅರ್ಥ ಗೊತ್ತಿದ್ದರೂ ನಮ್ಮ ಆಡುಮಾತಿನಲ್ಲಿ ಪಾಷಾಣವೆಂದರೆ ವಿಷವೇ. ಆ ಪಾಷಾಣಿನ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ, ಅಂದರೆ ಎನ್‌ಸಿಎಲ್‌ನಲ್ಲಿ, ಈ ಶತಮಾನದ ಆರಂಭದಲ್ಲಿ ಒಂದು ಬೂಷ್ಟಿಗೆ ನಿಜವಾಗಿಯೂ ವಿಷ ಉಣಿಸಿದರು. ಆ ವಿಷ ಬೆಳ್ಳಿ.

ವರ್ಟಿಸಿಲಿಯಂ ಎಂಬ ಶಿಲೀಂಧ್ರವನ್ನು ಬೆಳೆಸಿ, ಬೆಳ್ಳಿಯ ಲವಣ ಕರಗಿಸಿದ ನೀರಿನಲ್ಲಿ ಅದನ್ನು ಬಿಟ್ಟರು. ಬೂಷ್ಟು ಕಂದು ಬಣ್ಣಕ್ಕೆ ತಿರುಗಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಕೋಶದ ಗೋಡೆಯ ಒಳಮಗ್ಗುಲಲ್ಲಿ ಬೆಳ್ಳಿಯ ಕಣಗಳು, ಸರಾಸರಿ 25 ನ್ಯಾನೋಮೀಟರ್ ಗಾತ್ರದವು. ತಲೆಗೂದಲೊಂದರ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್ ಎಂಬುದನ್ನು ನೆನೆದರೆ ಆ ಕಣ ಎಷ್ಟು ಚಿಕ್ಕದೆಂಬ ಅಂದಾಜು ಸಿಗಬಹುದು. ಮುರಳಿ ಶಾಸ್ತ್ರಿ, ಅಬ್ಸಾರ್ ಅಹ್ಮದ್, ಪ್ರಿಯಬ್ರತ ಮುಖರ್ಜಿ ಮತ್ತು ಸಂಗಡಿಗರು 2001ರಲ್ಲಿ ಇದನ್ನು ಪ್ರಕಟಿಸಿದರು. ಕಣಗಳಷ್ಟೇ ಸೋಜಿಗದ ಇನ್ನೊಂದು ಸಂಗತಿಯನ್ನೂ ಅವರು ದಾಖಲಿಸಿದ್ದಾರೆ: ಇಷ್ಟೆಲ್ಲ ಆದಮೇಲೂ ಶಿಲೀಂಧ್ರ ಸಾಯಲಿಲ್ಲ, ಅದರ ಕೋಶಗಳು ಮತ್ತೆ ಹೆಚ್ಚುತ್ತಲೇ ಹೋದವು.

ಇದೇಕೆ ಸೋಜಿಗ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮಲ್ಲಿ ಕೂಸಿಗೆ ಬೆಳ್ಳಿಯ ಒಳಲೆಯಲ್ಲಿ ಹಾಲು ಕುಡಿಸುವ ಪದ್ಧತಿಯನ್ನು ತೋರಿಸಿ 'ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು' ಎನ್ನುವವರಿದ್ದಾರೆ. ಆ ವಾದಕ್ಕೆ ನಾನು ಹೋಗುವುದಿಲ್ಲ. ಒಳಲೆ ಪ್ರೀತಿಯ, ಅಂತಸ್ತಿನ ವಸ್ತುವೂ ಹೌದು. ಖಚಿತವಾದ ದಾಖಲೆ ಬೇಕೆಂದರೆ ಜರ್ಮನಿಯ ಲೈಪ್‌ಜಿಗ್‌ಗೆ ಹೋಗಬೇಕು. ಹೆರಿಗೆಯ ವೇಳೆ ತಾಯಿಯಿಂದ ಗೊನೋರಿಯಾ ಸೋಂಕು ತಗುಲಿ ಅಲ್ಲಿ ಎಷ್ಟೋ ಶಿಶುಗಳು ಕುರುಡಾಗುತ್ತಿದ್ದವು. ಕಾರ್ಲ್ ಕ್ರೆಡೆ ಎಂಬ ಪ್ರಸೂತಿ ವೈದ್ಯ, ಹುಟ್ಟಿದ ಕೂಡಲೇ ಮಗುವಿನ ಕಣ್ಣಿಗೆ ಶೇ. 2ರ ಸಿಲ್ವರ್ ನೈಟ್ರೇಟ್ ದ್ರಾವಣದ ಹನಿ ಬಿಡುವ ಕ್ರಮವನ್ನು 1881ರಲ್ಲಿ ಪ್ರಕಟಿಸಿದ. ನೂರಕ್ಕೆ ಹತ್ತರಷ್ಟಿದ್ದ ಕಣ್ಣಿನ ಸೋಂಕು ಒಂದಕ್ಕಿಂತ ಕೆಳಗಿಳಿಯಿತು. ಅತ್ಯಲ್ಪ ಪ್ರಮಾಣದ ಲೋಹವೂ ನೀರಿನ ಪಾಚಿಯನ್ನು ಕೊಲ್ಲುತ್ತದೆಂದು ಸಸ್ಯವಿಜ್ಞಾನಿ ಕಾರ್ಲ್ ನೇಗೆಲಿ ಕಂಡುಕೊಂಡಿದ್ದ. ಆತ ತೀರಿಕೊಂಡ ಮೇಲೆ, 1893ರಲ್ಲಿ, ಆ ಬರಹ ಅಚ್ಚಾಯಿತು.

ಪೆನಿಸಿಲಿನ್ ಬಂದ ಮೇಲೆ ಬೆಳ್ಳಿ ಮೂಲೆ ಸೇರಿತು. ಪೂರ್ತಿ ಅಲ್ಲ. ಸುಟ್ಟ ಗಾಯದ ವಾರ್ಡುಗಳಲ್ಲಿ ಅದು ಉಳಿದುಕೊಂಡಿತು. ಇಂದಿಗೂ ಬೆಂಕಿ ತಗುಲಿದ ಚರ್ಮಕ್ಕೆ ಹಚ್ಚುವ ಬಿಳಿ ಮುಲಾಮು, ಸಿಲ್ವರ್ ಸಲ್ಫಡೈಯಜಿನ್, ಚಾರ್ಲ್ಸ್ ಫಾಕ್ಸ್ 1968ರಲ್ಲಿ ಕೊಟ್ಟದ್ದು.

ಎಚ್ಚರಿಕೆಯ ಗಂಟೆ ಬಾರಿಸಿದ್ದೂ ಅಂಥದೇ ಒಂದು ವಾರ್ಡಿನಲ್ಲಿ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸುಟ್ಟ ಗಾಯದ ವಿಭಾಗದಲ್ಲಿ, ಸಿಲ್ವರ್ ನೈಟ್ರೇಟ್‌ಗೆ ಬಗ್ಗದ ಸಾಲ್ಮೊನೆಲಾ ಕಾಣಿಸಿಕೊಂಡಿತು. ಮೂವರು ರೋಗಿಗಳು ತೀರಿಕೊಂಡರು. 1975ರಲ್ಲಿ ವರದಿಯಾದ ಈ ಬ್ಯಾಕ್ಟೀರಿಯಾ ಕ್ಲೋರಾಂಫೆನಿಕಾಲ್, ಆಂಪಿಸಿಲಿನ್‌ಗಳಿಗೂ ಸೊಪ್ಪು ಹಾಕುತ್ತಿರಲಿಲ್ಲ. ಅದರ ವಂಶವಾಹಿಗಳನ್ನು ಬಿಡಿಸಿ ಓದಿದ್ದು 1999ರಲ್ಲಿ, ಷಿಕಾಗೋದಲ್ಲಿ. ಆ ತಂಡದ ಹಿರಿಯನ ಹೆಸರು ಸೈಮನ್ ಸಿಲ್ವರ್ ಎಂಬುದು ಕೇವಲ ಕಾಕತಾಳೀಯ. ಒಳಬಂದ ಬೆಳ್ಳಿಯನ್ನು ಹಿಡಿದುಕೊಳ್ಳಲು ಒಂದು ಪ್ರೋಟೀನು, ಹೊರದಬ್ಬಲು ಪಂಪುಗಳು, ಹೀಗೆ ಸಕಲ ಸಲಕರಣೆಯೂ ಆ ಬ್ಯಾಕ್ಟೀರಿಯಾದಲ್ಲಿತ್ತು. ಮೇಲಾಗಿ ಈ ವಂಶವಾಹಿಗಳು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೇಲಿದ್ದವು. ಪ್ಲಾಸ್ಮಿಡ್ಡುಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಕೈಬದಲಾಗಬಲ್ಲವು.

ಆಸ್ಪತ್ರೆಯ ಆಚೆಗೆ, ಬೆಳ್ಳಿಯ ಗಣಿಯೊಂದರಲ್ಲಿ, ಸ್ಯೂಡೊಮೊನಾಸ್ ಸ್ಟುಟ್ಜೆರಿ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಹಾಯಾಗಿತ್ತು. ಅದರ ಬೆಳ್ಳಿ ನಿರೋಧವೂ ಪ್ಲಾಸ್ಮಿಡ್ಡಿನಿಂದ ಬಂದದ್ದೆಂದು 1984ರಲ್ಲಿ ತಿಳಿಯಿತು. ಸ್ವೀಡನ್ನಿನ ಉಪ್ಸಾಲಾದ ತಂಡ ಅದನ್ನೇ ಬೆಳ್ಳಿಯ ದ್ರಾವಣದಲ್ಲಿ ಬೆಳೆಸಿ 1999ರಲ್ಲಿ ಚಿತ್ರ ಸಮೇತ ತೋರಿಸಿತು: ಕೋಶದ ಹೊರಪೊರೆಗಳ ನಡುವೆ ತ್ರಿಕೋನ, ಷಟ್ಕೋನ ಆಕಾರದ ಅಚ್ಚುಕಟ್ಟಾದ ಬೆಳ್ಳಿಯ ಹರಳುಗಳು, 200 ನ್ಯಾನೋಮೀಟರ್‌ವರೆಗಿನವು. ಬೆಳ್ಳಿ ವಿಷವಾಗುವುದು ಮುಖ್ಯವಾಗಿ ನೀರಿನಲ್ಲಿ ಕರಗಿದ ಅಯಾನಿನ ರೂಪದಲ್ಲಿ. ಆ ಅಯಾನಿಗೆ ಒಂದು ಎಲೆಕ್ಟ್ರಾನ್ ಕೊಟ್ಟರೆ ಅದು ಸುಮ್ಮನೆ ಕೂರುವ ಲೋಹವಾಗುತ್ತದೆ. ಹಾಗಾಗಿ ಈ ಸೂಕ್ಷ್ಮಜೀವಿಗಳು ನ್ಯಾನೋ ಕಣ 'ತಯಾರಿಸುತ್ತವೆ' ಎಂಬ ನಮ್ಮ ಮಾತು ಸ್ವಲ್ಪ ನಮ್ಮ ಅನುಕೂಲದ್ದು. ಅವುಗಳ ಮಟ್ಟಿಗೆ ಅದು ವಿಷ ಕಕ್ಕಿ ಬದುಕುವ ಉಪಾಯ, ಅಥವಾ ತಮ್ಮ ಕಿಣ್ವಗಳು ಬೇರೇನೋ ಮಾಡುವಾಗ ಆಗಿಹೋಗುವ ಕೆಲಸ.

ಪುಣೆಯ ಪ್ರಯೋಗದ ಮಹತ್ವ ಇರುವುದು ಇಲ್ಲಿ. ಕಣ ಮಾಡುವ ರೂಢಿಯ ವಿಧಾನಗಳಲ್ಲಿ ಕಟು ರಾಸಾಯನಿಕಗಳು ಬೇಕಾಗುತ್ತಿದ್ದವು. ಬೂಷ್ಟು ಅದೇ ಕೆಲಸವನ್ನು ನೀರಿನಲ್ಲಿ, ಕೋಣೆಯ ಬಿಸಿಯ ಆಸುಪಾಸಿನಲ್ಲೇ ಮಾಡಿಕೊಟ್ಟಿತು. ಆದರೆ ಕಣಗಳು ಕೋಶದೊಳಗೆ ಸಿಕ್ಕಿಕೊಂಡಿದ್ದವು. ತೆಗೆಯಬೇಕೆಂದರೆ ಕೋಶ ಒಡೆಯಬೇಕು. 2003ರಲ್ಲಿ ಅದೇ ತಂಡ ಫ್ಯುಸೇರಿಯಂ ಆಕ್ಸಿಸ್ಪೋರಂ ಶಿಲೀಂಧ್ರದಿಂದ ಈ ತೊಡಕು ಬಿಡಿಸಿತು. ಬಾಳೆ ತೋಟದವರ ನಿದ್ದೆ ಕೆಡಿಸುವ ಪನಾಮಾ ಸೊರಗು ರೋಗಕ್ಕೆ ಇದೇ ಜಾತಿಯ ಶಿಲೀಂಧ್ರ ಕಾರಣ. ಅದು ಕಿಣ್ವಗಳನ್ನು ಹೊರಕ್ಕೆ ಸುರಿಸುತ್ತದೆ, ಹೀಗಾಗಿ 5ರಿಂದ 15 ನ್ಯಾನೋಮೀಟರಿನ ಕಣಗಳು ನೀರಿನಲ್ಲೇ ಹುಟ್ಟುತ್ತವೆ. ಸೋಸಿದರೆ ಸಾಕು. ಪ್ರೋಟೀನಿನ ಹೊದಿಕೆ ಇರುವುದರಿಂದ ಒಂದಕ್ಕೊಂದು ಅಂಟಿಕೊಳ್ಳುವುದೂ ಇಲ್ಲ.

ಚೆನ್ನೈಯವರು ಬೇಸರಿಸಬಾರದು, ಅವರ ಪಾಲೂ ಇದೆ. ಐಐಟಿ ಮದ್ರಾಸಿನ ಟಿ. ಪ್ರದೀಪ್ ಮತ್ತು ಸಹೋದ್ಯೋಗಿ 2002ರಲ್ಲಿ ಮಜ್ಜಿಗೆಯ ಲ್ಯಾಕ್ಟೋಬ್ಯಾಸಿಲಸ್‌ಗೆ ಚಿನ್ನ, ಬೆಳ್ಳಿಗಳ ಅಯಾನು ಕೊಟ್ಟು ಹರಳು ಬೆಳೆಸಿದರು. ಗುಲ್ಬರ್ಗಾ ವಿಶ್ವವಿದ್ಯಾಲಯದ ಎ. ವೆಂಕಟರಾಮನ್, ಎಸ್. ಬಸವರಾಜ ಮೊದಲಾದವರು 2008ರಲ್ಲಿ ಫ್ಯುಸೇರಿಯಂನ ಇನ್ನೊಂದು ಪ್ರಭೇದದಿಂದ ಬೆಳ್ಳಿಯ ಕಣ ಪಡೆದರು. ದುಬಾರಿ ಯಂತ್ರ ಬೇಡ. ಬೂಷ್ಟು ಬೆಳೆಸಲು ಬಂದರೆ ಶುರುಮಾಡಬಹುದು. ನಮ್ಮ ರಾಜ್ಯ ವಿಶ್ವವಿದ್ಯಾಲಯಗಳ ಸಾಧಾರಣ ಲ್ಯಾಬುಗಳಿಗೂ ಈ ಕ್ಷೇತ್ರ ಬಾಗಿಲು ತೆರೆದದ್ದು ಹಾಗೆ. ನನ್ನ ಮಟ್ಟಿಗೆ ಅದೇ ಇದರ ದೊಡ್ಡ ಗುಣ. ದೋಷದ ಬೇರೂ ಅಲ್ಲೇ ಇದೆ.

ಕಣ ಸಿಕ್ಕಮೇಲೆ ಅದನ್ನು ರೋಗಾಣುಗಳ ಮೇಲೆ ಬಿಡುವುದು ಸಹಜವಾದ ಮುಂದಿನ ಹೆಜ್ಜೆ. ಟೆಹರಾನಿನಲ್ಲಿ 2007ರಲ್ಲಿ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆಯಿಂದ ಕಣ ಮಾಡಿದರು. ಅದು ಆಸ್ಪತ್ರೆಗಳನ್ನು ಕಾಡುವ ರೋಗಾಣು, ಇಲ್ಲಿ ಔಷಧಿಯ ಕಾರ್ಖಾನೆ. ಆ ಕಣಗಳನ್ನು ಎರಿತ್ರೋಮೈಸಿನ್‌ನಂಥ ಹಳೆಯ ಆಂಟಿಬಯಾಟಿಕ್‌ಗಳ ಜೊತೆ ಸೇರಿಸಿದಾಗ ಅವುಗಳ ಕಸುವು ಹೆಚ್ಚಿತು. ಬೆಳ್ಳಿಯ ಅಯಾನು ಬ್ಯಾಕ್ಟೀರಿಯಾದ ಪ್ರೋಟೀನುಗಳಲ್ಲಿನ ಗಂಧಕಕ್ಕೆ ಅಂಟಿಕೊಂಡು ಅವನ್ನು ಕೆಡಿಸುತ್ತದೆ, ಪೊರೆಯನ್ನು ತೂತಾಗಿಸುತ್ತದೆ. ಹಾಗಾದರೆ ಕಣದ್ದೇನು ಪಾತ್ರ? ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು 2012ರಲ್ಲಿ ಆಮ್ಲಜನಕವಿಲ್ಲದ ಕಡೆ ಪರೀಕ್ಷಿಸಿದರು. ಆಮ್ಲಜನಕವಿಲ್ಲದೆ ಕಣದಿಂದ ಅಯಾನು ಬಿಡುಗಡೆಯಾಗದು. ಆಗ ಕಣ ಹೆಚ್ಚುಕಡಿಮೆ ನಿರಪಾಯಕಾರಿ ಎಂದು ಕಂಡಿತು. ಅಂದರೆ ಕೊಲ್ಲುವುದು ಕ್ರೆಡೆಯ ಕಾಲದ ಹಳೆಯ ಅಯಾನೇ. ನ್ಯಾನೋ ಕಣ ಅದನ್ನು ತುಂಬಿಟ್ಟುಕೊಂಡು ನಿಧಾನಕ್ಕೆ ಬಿಡುವ ಚೀಲ.

ಇಷ್ಟು ತಿಳಿದ ಮೇಲೆ, ಇಂಥ ಶಿಲೀಂಧ್ರದಿಂದ ಇಷ್ಟು ಗಾತ್ರದ ಕಣ, ತಟ್ಟೆಯಲ್ಲಿ ಇಷ್ಟು ಮಿಲಿಮೀಟರ್ ಬ್ಯಾಕ್ಟೀರಿಯಾ ಸತ್ತ ವೃತ್ತ ಎಂದು ಮುಗಿಯುವ ಪ್ರಬಂಧಗಳ ಸಾಲನ್ನು ನೋಡಿದರೆ ಬೇಸರವಾಗುತ್ತದೆ. ಶಿಲೀಂಧ್ರದ ಹೆಸರು ಬದಲಾಗುತ್ತದೆ, ಎಲೆಯ ಹೆಸರು ಬದಲಾಗುತ್ತದೆ, ವೃತ್ತ ಹಾಗೇ ಇರುತ್ತದೆ. ಎಷ್ಟು ಪ್ರಮಾಣ ಮನುಷ್ಯನ ಕೋಶಕ್ಕೆ ತಡೆಯುತ್ತದೆ, ಒಂದು ತಂಡ ಮಾಡಿದ ಕಣವನ್ನು ಇನ್ನೊಂದು ತಂಡ ಹಾಗೇ ಮಾಡಬಲ್ಲುದೇ ಎಂಬ ಪ್ರಶ್ನೆಗಳೇ ಔಷಧಿಯ ದಾರಿಯಲ್ಲಿ ಮುಖ್ಯ.

ಬ್ಯಾಕ್ಟೀರಿಯಾಗಳಂತೂ ಕಾಯುತ್ತ ಕುಳಿತಿಲ್ಲ. ಚೆಕ್ ಗಣರಾಜ್ಯದ ಓಲೊಮೌಟ್ಸ್ ನಗರದ ತಂಡ ಇ. ಕೋಲಿ ಮತ್ತು ಸ್ಯೂಡೊಮೊನಾಸ್‌ಗಳಿಗೆ ಮತ್ತೆ ಮತ್ತೆ ಬೆಳ್ಳಿಯ ನ್ಯಾನೋ ಕಣ ಕೊಟ್ಟು 2018ರಲ್ಲಿ ಫಲಿತಾಂಶ ಪ್ರಕಟಿಸಿತು. ವಂಶವಾಹಿ ಬದಲಾಗದೆಯೇ ನಿರೋಧ ಬಂದಿತ್ತು. ಈಜಲು ಬಳಸುವ ಬಾಲದ ಪ್ರೋಟೀನು ಫ್ಲಾಜೆಲಿನ್ ಹೊರಗೆ ಚೆಲ್ಲಿ ಕಣಗಳನ್ನು ಮುದ್ದೆಗಟ್ಟಿಸಿದ್ದವು, ಮುದ್ದೆಯಾದ ಬೆಳ್ಳಿಗೆ ಬಲವಿಲ್ಲ. ದಾಳಿಂಬೆ ಸಿಪ್ಪೆಯ ಸಾರ ಸೇರಿಸಿದಾಗ ಆ ಪ್ರೋಟೀನು ನಿಂತು, ಕಣಕ್ಕೆ ಮತ್ತೆ ಕಸುವು ಬಂತು.

ಇನ್ನು ಬಳಸಿದ ಬೆಳ್ಳಿ ಎಲ್ಲಿಗೆ ಹೋಗುತ್ತದೆ? ಬಾಸ್ಟನ್ನಿನ ನಂತರ ಇದನ್ನು ಕೇಳದೆ ಇರಲಾಗದು. ಚರಂಡಿಗೆ ಹೋದ ಬೆಳ್ಳಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಪಾಠ ಹೇಳುತ್ತಿರುತ್ತದೆ. ಬ್ರೆಜಿಲ್ಲಿನ ನೆಲ್ಸನ್ ದುರಾನ್ ತಂಡ ಇದನ್ನು 2007ರಲ್ಲೇ ಯೋಚಿಸಿತ್ತು. ಫ್ಯುಸೇರಿಯಂ ಮಾಡಿದ ಕಣಗಳನ್ನು ಹತ್ತಿ ಬಟ್ಟೆಗೆ ಹಾಕಿ, ಅದರ ಮೇಲೆ ಸ್ಟ್ಯಾಫಿಲೋಕಾಕಸ್ ಸಾಯುವುದನ್ನು ತೋರಿಸಿದ ಮೇಲೆ, ಅವರು ಆ ಬಟ್ಟೆಯನ್ನು ಒಗೆದರು. ಒಗೆದ ನೀರಿಗೆ ಬಂದ ಬೆಳ್ಳಿಯನ್ನು ಹಿಡಿದು ತೆಗೆಯಲು ಬಳಸಿದ್ದು ಕ್ರೋಮೋಬ್ಯಾಕ್ಟೀರಿಯಂ ವಯೋಲೇಸಿಯಂ ಎಂಬ ನೇರಳೆ ಬಣ್ಣದ ಬ್ಯಾಕ್ಟೀರಿಯಾವನ್ನು.